ಯಾರು ಸ್ವಾಮಿ ಈ ‘ಸಾಮಾನ್ಯ ಓದುಗ’?



ಉದ್ದದ ಪೋಸ್ಟ್ ಇದು. ಈಗ ಪುರುಸೊತ್ತಿಲ್ಲ ಅಂದ್ರೆ ರಾತ್ರಿ ಓದಿ. ಆದ್ರೆ ಪೂರ್ತಿ ಓದಿ, ಆಮೇಲೆ ಬೈಯೋರು ಬೈಯಿರಿ.

ನಾವು ಮೂರು ಜನ ಸೇರಿ ನಾಲ್ಕು ವರ್ಷದಿಂದ ಒಂದು ವೆಬ್‌ಸೈಟ್ ನಡೆಸ್ತಿರೋದು ನಿಮ್ಮಲ್ಲಿ ಹಲವರಿಗೆ ಗೊತ್ತು. ಕೆಲಸ ಇಷ್ಟೇ. ವಿಜ್ಞಾನ ಓದಿಲ್ಲದವರಿಗೂ ಅರ್ಥ ಆಗೋ ವಿಜ್ಞಾನ ಪುಸ್ತಕ ಹುಡುಕೋದು, ಮೊದಲು ನಾವು ಓದೋದು, ಚೆನ್ನಾಗಿದ್ರೆ ಅದು ಯಾಕೆ ಓದ್ಬೇಕು ಅಂತ ಕನ್ನಡದಲ್ಲಿ ಒಂದು ಪುಟ ಬರೆದು ಹಾಕೋದು. ಜಾಹೀರಾತು ಇಲ್ಲ. ಪುಸ್ತಕ ಮಾರಿ ಕಮಿಷನ್ ತಗೊಳ್ಳಲ್ಲ. ಖರ್ಚು ನಮ್ಮ ಜೇಬಿಂದ.

ಕಳೆದ ತಿಂಗಳು ಒಂದು ಸಂಸ್ಥೆಯವರು ಮಾತಾಡೋಕೆ ಕರೆದ್ರು. ಹೆಸರು ಬೇಡ, ಅವರ ಮೇಲೆ ದ್ವೇಷ ಇಲ್ಲ. ಒಳ್ಳೆ ಕಾಫಿ ಕೊಟ್ರು, ಒಳ್ಳೆ ಮಾತಾಡಿದ್ರು. ಎರಡು ವರ್ಷದ ಖರ್ಚು ನಾವು ನೋಡ್ಕೋತೀವಿ, ಜೊತೆಗೆ ನೀವು ಹೇಳಿದ 40 ಹಾಸ್ಟೆಲ್‌ಗೆ ಒಂದೊಂದು ಸೆಟ್ ಪುಸ್ತಕ ಕಳಿಸ್ತೀವಿ ಅಂದ್ರು. ನಮಗೆ ಕುಣಿದಾಡೋ ಹಾಗಾಯ್ತು. ಎದ್ದು ಹೊರಡೋ ಹೊತ್ತಿಗೆ ಒಂದು ಮಾತು ಬಂತು. “ಆ ‘ಜಾತಿ ಮತ್ತು ವಿಜ್ಞಾನ’ ಅನ್ನೋ ವಿಭಾಗ ಇದೆಯಲ್ಲ, ಅದೊಂದು ತೆಗೆದ್ಬಿಡಿ. ಸಾಮಾನ್ಯ ಓದುಗನಿಗೆ ಮುಜುಗರ ಆಗುತ್ತೆ. ವಿಜ್ಞಾನ ನ್ಯೂಟ್ರಲ್ ಅಲ್ವಾ?”

ಎರಡು ದಿನ ಟೈಮ್ ಕೇಳಿ ಬಂದ್ವಿ. ಮೂರನೇ ದಿನ ಆಗಲ್ಲ ಅಂತ ಫೋನ್ ಮಾಡಿದ್ವಿ. 40 ಹಾಸ್ಟೆಲ್ ಪುಸ್ತಕ ಹೋಯ್ತು.

ಅವತ್ತಿಂದ ನಮ್ಮೋರೇ ಬೈತಿದ್ದಾರೆ. “ಮಕ್ಕಳ ಕೈಗೆ ಪುಸ್ತಕ ಬರ್ತಿತ್ತಲ್ರೋ, ಒಂದು ವಿಭಾಗ ತೆಗೆದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?” ಅಂತ ಒಬ್ಬ ಹಿರಿಯ ಅಣ್ಣ ಮೆಸೇಜ್ ಹಾಕಿದ್ದಾರೆ. ಕೇಳಬೇಕಾದ ಪ್ರಶ್ನೆನೇ. ಈ ಪೋಸ್ಟ್ ಆ ಸಂಸ್ಥೆಗಿಂತ ಹೆಚ್ಚಾಗಿ ಆ ಅಣ್ಣನಿಗೆ ಉತ್ತರ.

ಮೊದಲು ಈ ‘ಸಾಮಾನ್ಯ ಓದುಗ’ ಯಾರು ಅಂತ ನೋಡೋಣ.

‘ಓದಲೇಬೇಕಾದ 10 ವಿಜ್ಞಾನ ಪುಸ್ತಕ’, ‘ಸಾಯೋದರೊಳಗೆ ಓದಬೇಕಾದ 50 ವಿಜ್ಞಾನ ಪುಸ್ತಕ’ ಅಂತ ಪಟ್ಟಿಗಳು ಓಡಾಡ್ತಾವಲ್ಲ, ಅವನ್ನ ಸುಮ್ಮನೆ ಒಮ್ಮೆ ಹರಡಿಕೊಂಡು ನೋಡಿ. ಬ್ರಹ್ಮಾಂಡ ಹುಟ್ಟಿದ್ದು ಹೇಗೆ, ಬ್ಲ್ಯಾಕ್ ಹೋಲ್ ಅಂದ್ರೇನು, ಮೆದುಳು ಹೇಗೆ ಯೋಚಿಸುತ್ತೆ, ನಿದ್ದೆ ಯಾಕೆ ಬೇಕು, ಅಭ್ಯಾಸ ಹೇಗೆ ಬದಲಾಯಿಸ್ಕೋಬೇಕು. ಒಂದೊಂದು ಪುಸ್ತಕ 500, 700 ರೂಪಾಯಿ. ಬಹುಪಾಲು ಇಂಗ್ಲಿಷ್. ಈ ಪಟ್ಟಿಯ ಓದುಗನಿಗೆ ಕೂತು ಓದೋಕೆ ಒಂದು ರೂಮಿದೆ, ಭಾನುವಾರ ಇದೆ, ನಿದ್ದೆ ಬರದೇ ಇರೋದು ಅವನಿಗೆ ದೊಡ್ಡ ಸಮಸ್ಯೆ. ಅವನ ಮನೆಯ ಪಾಯಿಖಾನೆಯಿಂದ ಹೋದ ನೀರು ಎಲ್ಲಿಗೆ ಹೋಗುತ್ತೆ, ಕಟ್ಟಿಕೊಂಡ್ರೆ ಯಾರು ಬರ್ತಾರೆ ಅನ್ನೋದು ಅವನಿಗೆ ವಿಜ್ಞಾನದ ಪ್ರಶ್ನೆ ಅಂತ ಯಾವತ್ತೂ ಅನ್ಸಿಲ್ಲ. ಪಟ್ಟಿ ಮಾಡಿದವನಿಗೂ ಅನ್ಸಿಲ್ಲ. ಯಾಕಂದ್ರೆ ಇಬ್ಬರೂ ಒಂದೇ ಬೀದಿಯವರು.

ಆ ಬೀದಿಯವನಿಗೆ ‘ಸಾಮಾನ್ಯ’ ಅಂತ ಹೆಸರು. ನಾವು ಮಾತ್ರ ‘ವಿಶೇಷ ವಿಭಾಗ’.

ಎರಡನೇ ವರ್ಷದಲ್ಲಿ ನಡೆದದ್ದು ಹೇಳ್ತೀನಿ. ಸೈಟಿಗೆ ಒಂದು ಮೆಸೇಜ್ ಬಂತು. ಬರೆದವನು ಪಿಯುಸಿ ಹುಡುಗ, ಅಪ್ಪ ಗುತ್ತಿಗೆ ಪೌರಕಾರ್ಮಿಕ. “ಸಾರ್, ಗುಂಡಿ ಮುಚ್ಚಳ ತೆಗೆದಾಗ ಕೆಟ್ಟ ವಾಸನೆ ಬರುತ್ತೆ, ಸ್ವಲ್ಪ ಹೊತ್ತಿಗೆ ನಿಂತೋಗುತ್ತೆ, ವಾಸನೆ ನಿಂತ್ರೆ ಗಾಳಿ ಸರಿ ಹೋಯ್ತು ಅಂತ ಲೆಕ್ಕ ಅಂತ ನಮ್ಮಪ್ಪ ಹೇಳ್ತಾರೆ. ಹೌದಾ ಸಾರ್? ಯಾವ ಪುಸ್ತಕದಲ್ಲಿದೆ?”

ನಾನು ಬಿಎಸ್ಸಿ ಓದಿದವನು. ಓದಿ ಕೈ ನಡುಗಿತು. ಅವರಪ್ಪ ಹೇಳಿದ್ದು ಪೂರಾ ಉಲ್ಟಾ.

ಒಳಚರಂಡಿಯ ಗುಂಡಿಯಲ್ಲಿ, ಸೆಪ್ಟಿಕ್ ಟ್ಯಾಂಕಲ್ಲಿ ಗಾಳಿ ಆಡದ ಜಾಗದಲ್ಲಿ ಕೊಳೆಯೋ ಕೊಳಕಿಂದ ಹೈಡ್ರೋಜನ್ ಸಲ್ಫೈಡ್ ಅನ್ನೋ ಅನಿಲ ಹುಟ್ಟುತ್ತೆ. ಗಾಳಿಗಿಂತ ತೂಕ ಹೆಚ್ಚು, ಅದಕ್ಕೇ ತಳದಲ್ಲಿ ನಿಲ್ಲುತ್ತೆ. ತುಂಬಾ ಕಮ್ಮಿ ಇದ್ದಾಗ ಕೊಳೆತ ಮೊಟ್ಟೆ ವಾಸನೆ. ಪ್ರಮಾಣ ಏರಿ 10 ಲಕ್ಷ ಪಾಲಲ್ಲಿ 100 ಪಾಲು ಆಸುಪಾಸಿಗೆ ಬಂತು ಅಂದ್ರೆ ಮೂಗಿನ ನರವೇ ಜಡ ಆಗಿ ವಾಸನೆ ಗೊತ್ತಾಗೋದು ನಿಂತುಹೋಗುತ್ತೆ. ಅಂದ್ರೆ ವಾಸನೆ ನಿಂತಿತು ಅಂದ್ರೆ ಅನಿಲ ಹೋಯ್ತು ಅಂತಲ್ಲ, ನಿನ್ನ ಮೂಗು ಹೋಯ್ತು ಅಂತ. ಇನ್ನೂ ಹೆಚ್ಚಾದ್ರೆ ನಾಲ್ಕಾರು ಉಸಿರಲ್ಲಿ ಪ್ರಜ್ಞೆ ತಪ್ಪುತ್ತೆ. ಜೊತೆಗೆ ಮೀಥೇನ್ ಇರುತ್ತೆ, ಅದಕ್ಕೆ ವಾಸನೆಯೇ ಇಲ್ಲ, ಕಿಡಿ ಬಿದ್ರೆ ಹೊತ್ತಿಕೊಳ್ಳುತ್ತೆ. ಆಮ್ಲಜನಕ ಇರಲ್ಲ. ಪೇಪರಲ್ಲಿ ನೀವು ಓದಿರ್ತೀರಿ: ಒಬ್ಬ ಇಳಿದ, ಮೇಲೆ ಬರ್ಲಿಲ್ಲ, ಅವನನ್ನ ಎತ್ತೋಕೆ ಇನ್ನೊಬ್ಬ ಇಳಿದ, ಅವನನ್ನ ಎತ್ತೋಕೆ ಮೂರನೆಯವನು. ಅಣ್ಣ ತಮ್ಮ, ಅಪ್ಪ ಮಗ. ವಿಧಿ ಅಂತಾರೆ, ಅಚಾತುರ್ಯ ಅಂತಾರೆ. ಅದು ರಸಾಯನಶಾಸ್ತ್ರ ಸ್ವಾಮಿ.

ಆ ಹುಡುಗನಿಗೆ ಅವತ್ತೇ ಉತ್ತರ ಬರೆದ್ವಿ. ಯಾವ ಕಾರಣಕ್ಕೂ ಇಳೀಬಾರದು, ಇಳಿಸೋದು 2013ರ ಕಾಯ್ದೆ ಪ್ರಕಾರ ಅಪರಾಧ, ಬಿದ್ದವನನ್ನ ಎತ್ತೋಕೂ ಬರಿ ಕೈಲಿ ಇಳೀಬೇಡಿ ಅಂತ. ಆಮೇಲೆ ನಮ್ಮ ಪಟ್ಟಿ ತೆಗೆದು ನೋಡಿದ್ವಿ. ಆ ಹೊತ್ತಿಗೆ ನೂರಕ್ಕೂ ಹೆಚ್ಚು ಪುಸ್ತಕ ಶಿಫಾರಸು ಮಾಡಿದ್ವಿ. ಬ್ಲ್ಯಾಕ್ ಹೋಲ್ ಬಗ್ಗೆ ಮೂರು ಪುಸ್ತಕ ಇದ್ವು. ಮ್ಯಾನ್‌ಹೋಲ್ ಬಗ್ಗೆ ಒಂದೂ ಇರ್ಲಿಲ್ಲ.

ನಾನೇ ಮಾಡಿದ ಪಟ್ಟಿ ಅದು. ಕೇರಿಯಲ್ಲಿ ಹುಟ್ಟಿದ ನಾನೇ ಮಾಡಿದ್ದು. ಬೇರೆಯವರ ಪಟ್ಟಿ ನೋಡ್ಕೊಂಡು, ಅವರು ಯಾವುದನ್ನ ವಿಜ್ಞಾನ ಅಂದ್ರೋ ಅದನ್ನೇ ನಾನೂ ವಿಜ್ಞಾನ ಅಂದಿದ್ದೆ. ಆ ‘ಜಾತಿ ಮತ್ತು ವಿಜ್ಞಾನ’ ವಿಭಾಗ ಹುಟ್ಟಿದ್ದು ಆ ನಾಚಿಕೆಯಿಂದ. ತೆಗೀರಿ ಅಂದ್ರೆ ಹೇಗೆ ತೆಗೀಲಿ?

“ಗುರುತ್ವಾಕರ್ಷಣೆಗೆ ಜಾತಿ ಇದೆಯಾ?” ಅಂತ ಕಾಮೆಂಟ್ ಹಾಕೋರಿಗೆ ನನ್ನ ಉತ್ತರ: ಇಲ್ಲ. ಆದ್ರೆ ಗುಂಡಿಗೆ ಯಾರನ್ನ ಇಳಿಸ್ಬೇಕು ಅನ್ನೋದಕ್ಕೆ ಇದೆ. ಅನಿಲದ ಸೂತ್ರ ಯಾರ ಮಕ್ಕಳಿಗೆ ಮಾರ್ಕ್ಸಿಗಾಗಿ ಕಲಿಸ್ತಾರೆ, ಯಾರ ಅಪ್ಪನಿಗೆ ಜೀವ ಉಳಿಸ್ಕೊಳ್ಳೋಕೂ ಹೇಳಲ್ಲ ಅನ್ನೋದಕ್ಕೆ ಇದೆ.

ಇನ್ನೊಂದು ವಾದ ಬರುತ್ತೆ. ನಮ್ಮ ಪಟ್ಟಿಯಲ್ಲಿ ಕಂಚ ಐಲಯ್ಯನವರು ಮಕ್ಕಳಿಗಾಗಿ ಬರೆದ ‘ಟರ್ನಿಂಗ್ ದ ಪಾಟ್, ಟಿಲ್ಲಿಂಗ್ ದ ಲ್ಯಾಂಡ್’ ಇದೆ. 2007ರ ಪುಸ್ತಕ, ದುರ್ಗಾಬಾಯಿ ವ್ಯಾಮ್ ಚಿತ್ರ ಬರೆದಿದ್ದಾರೆ. ಆದಿವಾಸಿಗಳು, ಕುರಿ ದನ ಸಾಕೋರು, ಚರ್ಮದ ಕೆಲಸದವರು, ಕುಂಬಾರರು, ನೇಕಾರರು, ಅಗಸರು, ಕ್ಷೌರಿಕರು, ಇವರ ದುಡಿಮೆಯೊಳಗಿನ ತಿಳಿವಳಿಕೆ ಏನು ಅಂತ ಹೇಳೋ ಪುಸ್ತಕ. ಅದನ್ನ ಹಾಕಿದಾಗ ಒಬ್ಬ ಪ್ರೊಫೆಸರ್ ಬರೆದ್ರು: “ಇದು ಕಸುಬು, ವಿಜ್ಞಾನ ಅಲ್ಲ.”

ನಮ್ಮ ತಾತ ಚರ್ಮ ಹದ ಮಾಡ್ತಿದ್ರು. ಸತ್ತ ದನದ ಚರ್ಮ ಬೇಸಿಗೆಯಲ್ಲಿ ಒಂದು ದಿನ ಬಿಟ್ರೆ ಕೊಳೆಯೋಕೆ ಶುರು. ಅದಕ್ಕೆ ಮೊದಲು ಉಪ್ಪು. ಉಪ್ಪು ನೀರೆಳೆಯುತ್ತೆ, ಕೊಳೆಸೋ ಬ್ಯಾಕ್ಟೀರಿಯಾ ಬೆಳೆಯಲ್ಲ. ಆಮೇಲೆ ಸುಣ್ಣದ ತೊಟ್ಟಿ. ಸುಣ್ಣದ ಕ್ಷಾರಕ್ಕೆ ಚರ್ಮ ಊದಿ ಕೂದಲ ಬುಡ ಸಡಿಲ ಆಗುತ್ತೆ, ಕೆರೆದ್ರೆ ಬರುತ್ತೆ. ಹೆಚ್ಚು ದಿನ ಬಿಟ್ರೆ ಚರ್ಮವೇ ಹಾಳು, ಕಮ್ಮಿ ಬಿಟ್ರೆ ಕೂದಲು ಬರಲ್ಲ. ಆಮೇಲೆ ತಂಗಡಿ ಚಕ್ಕೆ, ಅಳಲೆಕಾಯಿ ಹಾಕಿದ ನೀರು. ಅವುಗಳಲ್ಲಿರೋ ಟ್ಯಾನಿನ್ ಚರ್ಮದ ಕಾಲಜನ್ ಅನ್ನೋ ಪ್ರೋಟೀನಿಗೆ ಅಂಟಿಕೊಂಡು ಕೊಳೆಯದ ಹಾಗೆ ಮಾಡುತ್ತೆ. ತಾತನಿಗೆ ಕಾಲಜನ್ ಅನ್ನೋ ಹೆಸರು ಗೊತ್ತಿರ್ಲಿಲ್ಲ. ನೀರಲ್ಲಿ ಬೆರಳು ಅದ್ದಿ ನೋಡಿ ಇನ್ನೂ ಮೂರು ದಿನ ಅಂತ ಹೇಳೋದು ಗೊತ್ತಿತ್ತು. ಅದೇ ಕೆಲಸ ಕಾಲೇಜಲ್ಲಿ ಬಿಳಿ ಕೋಟು ಹಾಕ್ಕೊಂಡು ಮಾಡಿದ್ರೆ ‘ಲೆದರ್ ಟೆಕ್ನಾಲಜಿ’. ನಮ್ಮ ತಾತ ಮಾಡಿದ್ರೆ ಮೈಲಿಗೆ. ಕಪಿಲೆಯ ಚರ್ಮದ ಚೀಲ ಇಲ್ಲದೇ ಊರಿನ ತೋಟಕ್ಕೆ ನೀರಿರ್ಲಿಲ್ಲ, ಅದನ್ನ ಮಾಡಿಕೊಟ್ಟವನಿಗೆ ಊರ ಬಾವಿ ಇರ್ಲಿಲ್ಲ.

ಇದೇ ಸಾಲಲ್ಲಿ ಮೃದಂಗದ ವಿಷಯ ಹೇಳ್ತೀನಿ. ಸಾಮಾನ್ಯವಾಗಿ ಚರ್ಮವಾದ್ಯದ ನಾದದಲ್ಲಿ ಸ್ವರಗಳು ಒಂದಕ್ಕೊಂದು ಹೊಂದಲ್ಲ, ಆದ್ರೆ ಮೃದಂಗ, ತಬಲದ ನಡುವೆ ಬಳಿಯೋ ಕಪ್ಪು ಕರಣೆಯಿಂದ ಅವು ತಂತಿವಾದ್ಯದ ಹಾಗೆ ಹೊಂದಿಕೊಳ್ತಾವೆ ಅಂತ ಸಿ.ವಿ. ರಾಮನ್ 1920ರಲ್ಲಿ ತೋರಿಸಿದ್ರು. ದೊಡ್ಡ ಕೆಲಸ, ಅನುಮಾನವೇ ಇಲ್ಲ. ರಾಮನ್ ಬಗೆಗಿನ ಜನಪ್ರಿಯ ಬರಹಗಳಲ್ಲಿ ಇದು ಬರುತ್ತೆ. ಆದ್ರೆ ಆ ಕರಣೆಯನ್ನ ಪದರ ಪದರವಾಗಿ ಬಳಿದು, ಉಜ್ಜಿ, ಕಿವಿಕೊಟ್ಟು ಕೇಳಿ, ಮತ್ತೆ ಬಳಿದು ಆ ಹೊಂದಾಣಿಕೆ ತಂದವರು ಯಾರು? ಟಿ.ಎಂ. ಕೃಷ್ಣ 2020ರಲ್ಲಿ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಬರೆದು ಅವರ ಹೆಸರು, ಮನೆ, ಮಾತು ಎಲ್ಲ ಮುಂದಿಟ್ರು. ಬಹುಪಾಲು ದಲಿತರು, ಅದರಲ್ಲೂ ದಲಿತ ಕ್ರೈಸ್ತರು ಹೆಚ್ಚು. ನಾವು ಆ ಪುಸ್ತಕವನ್ನ ವಿಜ್ಞಾನದ ಪಟ್ಟಿಗೆ ಹಾಕಿದ್ವಿ. “ಅದು ಸಂಗೀತದ ಪುಸ್ತಕ” ಅಂತ ಆಕ್ಷೇಪ ಬಂತು. ನಮ್ಮ ಕೇರಿಯಲ್ಲಿ ತಮಟೆನ ಬೆಂಕಿಗೆ ಹಿಡಿದು ಕಾಯಿಸೋದು ಯಾಕೆ? ಚರ್ಮದ ತೇವ ಹೋಗಿ ಬಿಗಿ ಆಗುತ್ತೆ, ಬಿಗಿ ಆದ್ರೆ ಸ್ವರ ಏರುತ್ತೆ. ಇದನ್ನ ಶಾಲೆಯ ಶಬ್ದದ ಪಾಠಕ್ಕೆ ಉದಾಹರಣೆ ಮಾಡಿದ್ರೆ ಯಾವ ಸರಸ್ವತಿ ಮುನಿಸ್ಕೋತಾಳೆ?

ಕೆಜಿಎಫ್ ಅಂದ್ರೆ ಈಗಿನ ಹುಡುಗರಿಗೆ ಸಿನಿಮಾ. ವಿಜ್ಞಾನ ಓದೋರಿಗೆ ಇನ್ನೊಂದು ಕಥೆ ಗೊತ್ತಿರುತ್ತೆ. 1965ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಾಮ್‌ನ ವಿಜ್ಞಾನಿಗಳು ಸೇರಿ ವಾತಾವರಣದಲ್ಲಿ ಹುಟ್ಟೋ ನ್ಯೂಟ್ರಿನೋ ಕಣಗಳ ಗುರುತು ಹಿಡಿದ್ರು. ಅಷ್ಟು ಆಳ ಯಾಕೆ? ಆಕಾಶದಿಂದ ಬೀಳೋ ಬೇರೆ ಕಣಗಳನ್ನೆಲ್ಲ ಮೇಲಿನ ಬಂಡೆ ತಡೆಯುತ್ತೆ, ನ್ಯೂಟ್ರಿನೋ ಮಾತ್ರ ಬಂಡೆ ದಾಟಿ ಬರುತ್ತೆ. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲೂ ಇನ್ನೊಂದು ತಂಡ ಇದೇ ಕಣ ಹಿಡೀತು. ನಮ್ಮ ಹೆಮ್ಮೆಯ ವಿಷಯ, ಎಲ್ಲರೂ ಓದಬೇಕು.

ಆದ್ರೆ ಆ 2.3 ಕಿಲೋಮೀಟರ್ ತೋಡಿದ್ದು ಯಾರು ಅಂತ ಆ ಬರಹಗಳಲ್ಲಿ ಒಂದು ಸಾಲು ಹುಡುಕಿ. ಕೋಲಾರದಲ್ಲಿ ನೆಲದಡಿ ದುಡಿದವರಲ್ಲಿ ಬಹುಪಾಲು ಉತ್ತರ ಆರ್ಕಾಟ್ ಕಡೆಯಿಂದ ಬಂದ ದಲಿತರು. ದಕ್ಷಿಣ ಆಫ್ರಿಕಾದಲ್ಲಿ ಕರಿಯರು. ಕಲ್ಲು ಕೊರೆದ ದೂಳು ಶ್ವಾಸಕೋಶಕ್ಕೆ ಸೇರಿ ಸಿಲಿಕೋಸಿಸ್ ಬಂತು, ಒತ್ತಡಕ್ಕೆ ಬಂಡೆ ಸಿಡಿದು ಜನ ಸತ್ರು. 2001ರಲ್ಲಿ ಗಣಿ ಮುಚ್ಚಿದ್ರು. ನ್ಯೂಟ್ರಿನೋ ಪುಸ್ತಕಕ್ಕೆ ಬಂತು, ಸಿಲಿಕೋಸಿಸ್ ಆಸ್ಪತ್ರೆ ಚೀಟಿಯಲ್ಲೇ ಉಳೀತು.

ಇನ್ನೂ ಒಂದು ಮಾತಿದೆ, ಇದು ‘ಸಾಮಾನ್ಯ ಓದುಗ’ನ ಬಗ್ಗೆ ಮಾತಾಡೋರಿಗೆ ಗೊತ್ತಿರ್ಬೇಕು. ಅಯೋತಿದಾಸ ಪಂಡಿತರು 1907ರಲ್ಲಿ ಮದ್ರಾಸಿನಲ್ಲಿ ‘ತಮಿಳನ್’ ಪತ್ರಿಕೆ ಶುರು ಮಾಡಿದ್ರು. ಅವರ ಶಾಕ್ಯ ಬೌದ್ಧ ಸಂಘದ ಶಾಖೆ ಕೋಲಾರದ ಗಣಿ ಕಾಲೋನಿಯಲ್ಲಿತ್ತು. ಪಂಡಿತರು ತೀರಿಕೊಂಡ ಮೇಲೆ ಆ ಪತ್ರಿಕೆ ಮತ್ತೆ ಕೋಲಾರದಿಂದಲೇ ಅಪ್ಪಾದುರೈ ಅವರ ಕೈಯಲ್ಲಿ ಹೊರಟಿತು. ಗಣಿ ಕಾರ್ಮಿಕರ ಮಧ್ಯೆ ಛಾಪಖಾನೆ ಇತ್ತು, ಪುಸ್ತಕದಂಗಡಿ ಇತ್ತು, ಬುದ್ಧನ ಬಗ್ಗೆ, ಮೂಢನಂಬಿಕೆ ವಿರುದ್ಧ ಪುಸ್ತಕ ಅಚ್ಚಾಗ್ತಿದ್ವು. ಪಾಳಿ ಮುಗಿಸಿ ಮೇಲೆ ಬಂದು, ಮೈ ತೊಳ್ಕೊಂಡು, ಓದು ಬರೋರು ಓದೋದು, ಬರದೋರು ಕೇಳೋದು. ನೂರು ವರ್ಷದ ಹಿಂದೆ ನಮ್ಮ ಜನ ಓದುಗರಾಗಿದ್ರು ಸ್ವಾಮಿ, ಅದೂ ವಿಚಾರದ ಪುಸ್ತಕಗಳಿಗೆ. ನಮ್ಮನ್ನ ಓದುಗರ ಲೆಕ್ಕದಿಂದ ಬಿಟ್ಟವರು ಪಟ್ಟಿ ಮಾಡೋರು.

ಈಗ ಆ ಸಂಸ್ಥೆಯವರಿಗೆ ಹೆಚ್ಚು ಮುಜುಗರ ಆದ ಪುಸ್ತಕಕ್ಕೆ ಬರ್ತೀನಿ. ಡೇವಿಡ್ ರೈಕ್ ಅನ್ನೋ ತಳಿವಿಜ್ಞಾನಿ 2018ರಲ್ಲಿ ಬರೆದ ‘ಹೂ ವಿ ಆರ್ ಅಂಡ್ ಹೌ ವಿ ಗಾಟ್ ಹಿಯರ್’. ಅದೇ ವರ್ಷ ಬಂದ ಟೋನಿ ಜೋಸೆಫ್ ಅವರ ‘ಅರ್ಲಿ ಇಂಡಿಯನ್ಸ್’ ಕೂಡ. ಇವು ಹೇಳೋದೇನು? ಈ ದೇಶದಲ್ಲಿ ಯಾರೂ ಶುದ್ಧ ಇಲ್ಲ. ಸುಮಾರು 4,200ರಿಂದ 1,900 ವರ್ಷದ ಹಿಂದಿನವರೆಗೆ ಎಲ್ಲರೂ ಎಲ್ಲರ ಜೊತೆ ಬೆರೆತಿದ್ದಾರೆ. ಆಮೇಲೆ ಬೆರೆಯೋದು ನಿಂತಿದೆ. ಪಶ್ಚಿಮ ಬಂಗಾಳದ ಕಲ್ಯಾಣಿಯಲ್ಲಿರೋ ರಾಷ್ಟ್ರೀಯ ಸಂಸ್ಥೆಯ ತಳಿವಿಜ್ಞಾನಿಗಳು 2016ರಲ್ಲಿ ಲೆಕ್ಕ ಹಾಕಿ, ಮೇಲ್ಜಾತಿಗಳಲ್ಲಿ ಸುಮಾರು 70 ತಲೆಮಾರಿನ ಹಿಂದೆ, ಹೆಚ್ಚೂಕಮ್ಮಿ ಗುಪ್ತರ ಕಾಲದಲ್ಲಿ, ಹೊರಗಿನ ಮದುವೆ ದಿಢೀರಂತ ನಿಂತಿದ್ದು ರಕ್ತದಲ್ಲೇ ಕಾಣುತ್ತೆ ಅಂದ್ರು. ಒಳಗೊಳಗೇ ಮದುವೆ ಆದ್ರೆ ಏನಾಗುತ್ತೆ ಅನ್ನೋದಕ್ಕೂ ರೈಕ್ ಪುಸ್ತಕದಲ್ಲಿ ಉದಾಹರಣೆ ಇದೆ. ವೈಶ್ಯರ ಒಂದು ಸಮುದಾಯದಲ್ಲಿ, ಆಪರೇಷನ್ ಮುಂಚೆ ಸ್ನಾಯು ಸಡಿಲಿಸೋಕೆ ಕೊಡೋ ಒಂದು ಔಷಧಿ ಕರಗಿಸೋ ಶಕ್ತಿ ಇಲ್ಲದ ತಳಿದೋಷ ಹೆಚ್ಚು. ಜಾತಿಯ ಒಳಮದುವೆ ಅವರ ಮಕ್ಕಳನ್ನೇ ಆಪರೇಷನ್ ಟೇಬಲ್ ಮೇಲೆ ಅಪಾಯಕ್ಕೆ ಒಡ್ಡಿದೆ. ಇದನ್ನ ಹೇಳೋದು ದಲಿತರ ಪ್ರಚಾರವಾ? ಅವರ ಮಕ್ಕಳ ಆರೋಗ್ಯದ ಮಾತಲ್ವಾ?

ನೋಡಿ, ಬಾಬಾಸಾಹೇಬರು ಈ ಜಗಳವನ್ನ 1936ರಲ್ಲೇ ಶುರು ಮಾಡಿದ್ರು. ಜಾತಿ ಇರೋದು ರಕ್ತ ಶುದ್ಧವಾಗಿಡೋಕೆ, ತಳಿ ಸುಧಾರಿಸೋಕೆ ಅಂತ ಅವತ್ತಿನ ಪಂಡಿತರು ‘ವಿಜ್ಞಾನ’ದ ಹೆಸರಲ್ಲಿ ವಾದ ಮಾಡ್ತಿದ್ರು. ‘ಜಾತಿ ವಿನಾಶ’ದಲ್ಲಿ ಬಾಬಾಸಾಹೇಬರು ಆ ವಾದವನ್ನ ವಿಜ್ಞಾನದಿಂದಲೇ ಹೊಡೆದ್ರು. 1948ರಲ್ಲಿ ‘ದಿ ಅನ್‌ಟಚಬಲ್ಸ್’ ಬರೆಯುವಾಗ ಮೂಗಿನ ಅಳತೆಯ ಅಂಕಿಅಂಶ ತಗೊಂಡು, ಬ್ರಾಹ್ಮಣರೂ ಅಸ್ಪೃಶ್ಯರೂ ಬೇರೆ ಬೇರೆ ಜನಾಂಗ ಅನ್ನೋದಕ್ಕೆ ಆಧಾರವೇ ಇಲ್ಲ ಅಂತ ತೋರಿಸಿದ್ರು. ಆ ಮೂಗು ಅಳೆಯೋ ಶಾಸ್ತ್ರವೇ ಇವತ್ತು ಕಸದ ಬುಟ್ಟಿಯಲ್ಲಿದೆ, ಬೇರೆ ಮಾತು. ಎದುರಾಳಿ ಯಾವ ಪುಸ್ತಕ ಹಿಡ್ಕೊಂಡು ಬಂದನೋ ಆ ಪುಸ್ತಕವನ್ನ ಅವನಿಗಿಂತ ಚೆನ್ನಾಗಿ ಓದಿ ಉತ್ತರ ಕೊಡೋದು ಬಾಬಾಸಾಹೇಬರ ರೀತಿ.

ಇಲ್ಲಿ ನಮ್ಮೋರಿಗೂ ಎರಡು ಮಾತು ಹೇಳ್ಬೇಕು, ಬೇಜಾರ್ ಮಾಡ್ಕೋಬೇಡಿ. ನಮ್ಮ ಅಧ್ಯಯನ ಶಿಬಿರಗಳಲ್ಲಿ ಕಾವ್ಯ ಇದೆ, ಹಾಡಿದೆ, ಸಂವಿಧಾನ ಇದೆ. ವಿಜ್ಞಾನ ಪುಸ್ತಕ ಎಲ್ಲಿ? ‘ಅದು ಸೈನ್ಸ್ ಓದೋರ ಕೆಲಸ’ ಅಂತ ನಾವೂ ಬಿಟ್ಟುಕೊಟ್ಟಿದ್ದೀವಿ. ಎನ್‌ಸಿಇಆರ್‌ಟಿ 10ನೇ ಕ್ಲಾಸಿನ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಪಾಠ ತೆಗೆದಿದ್ದು 2023ರಲ್ಲಿ ದೊಡ್ಡ ಸುದ್ದಿ ಆಯ್ತು. ವಿಜ್ಞಾನಿಗಳು ಸಹಿ ಹಾಕಿ ವಿರೋಧಿಸಿದ್ರು. ನಮ್ಮಲ್ಲಿ ಎಷ್ಟು ಸಂಘಟನೆ ಬೀದಿಗೆ ಬಂತು? 10ಕ್ಕೇ ಓದು ಬಿಡೋರು ಯಾರ ಮಕ್ಕಳು? ಪಿಯುಸಿಯಲ್ಲಿ ಬಯಾಲಜಿ ತಗೊಳ್ಳೋನಿಗೆ ಡಾರ್ವಿನ್ ಮತ್ತೆ ಸಿಗ್ತಾನೆ. ಗಾರೆ ಕೆಲಸಕ್ಕೆ, ಗಾರ್ಮೆಂಟ್ಸಿಗೆ ಹೋಗೋ ನಮ್ಮ ಹುಡುಗ ಹುಡುಗಿಗೆ ಸಿಗಲ್ಲ. ಮನುಷ್ಯರೆಲ್ಲ ಒಂದೇ ಬುಡದಿಂದ ಬಂದೋರು, ಯಾರೂ ಯಾರ ಮುಖದಿಂದಲೂ ಪಾದದಿಂದಲೂ ಹುಟ್ಟಿಲ್ಲ ಅನ್ನೋ ಪಾಠ ಅದು. ಪುರುಷಸೂಕ್ತಕ್ಕೆ ಇದಕ್ಕಿಂತ ಗಟ್ಟಿ ಉತ್ತರ ಇನ್ಯಾವುದಿದೆ?

ಬಸವಲಿಂಗಪ್ಪನವರು 1973ರಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದಿದ್ದಕ್ಕೆ ಮಂತ್ರಿಗಿರಿ ಕಳ್ಕೊಂಡ್ರು. ತಲೆ ಮೇಲೆ ಮಲ ಹೊರೋದನ್ನ ನಿಷೇಧಿಸಿದ ಮಂತ್ರಿಯೂ ಅವರೇ. ಎರಡೂ ಒಂದೇ ಕೆಲಸ ಅಂತ ನನಗೆ ಈಗೀಗ ಅರ್ಥ ಆಗ್ತಿದೆ. ಸಾಹಿತ್ಯಕ್ಕೆ ಅವರು ಕೇಳಿದ ಪ್ರಶ್ನೆಯನ್ನ ವಿಜ್ಞಾನದ ಪುಸ್ತಕಗಳಿಗೆ ನಾವಿನ್ನೂ ಕೇಳಿಲ್ಲ.

ಹಾಗಂತ ಎಲ್ಲ ಬೂಸಾ ಅಂತಿಲ್ಲ ನಾನು. ಕಾರಂತರು ಒಬ್ಬರೇ ಕೂತು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನ ಬರೆದ್ರು. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಓದಿ ನಾನು ಗಿಡದ ಮುಂದೆ ನಿಲ್ಲೋದು ಕಲಿತೆ. ತೇಜಸ್ವಿ ಇಲ್ಲದಿದ್ರೆ ನನ್ನ ತಲೆಮಾರಿನ ಅರ್ಧ ಹುಡುಗರು ವಿಜ್ಞಾನದ ಪುಸ್ತಕ ಮುಟ್ತಿರ್ಲಿಲ್ಲ. ನಾಗೇಶ ಹೆಗಡೆಯವರು ದಶಕಗಳಿಂದ ಬರೀತಾನೇ ಇದ್ದಾರೆ. ಇವರೆಲ್ಲ ನಮ್ಮ ಪಟ್ಟಿಯ ಮೊದಲ ಪುಟದಲ್ಲೇ ಇದ್ದಾರೆ, ಇರ್ತಾರೆ. ಯಾರ ಪುಸ್ತಕವನ್ನೂ ತೆಗೀರಿ ಅಂತ ನಾವು ಕೇಳಿಲ್ಲ. ತೆಗೀರಿ ಅಂದಿದ್ದು ಅವರು.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ನಮ್ಮ ಮಕ್ಕಳು ಮ್ಯಾನ್‌ಹೋಲ್ ಬಗ್ಗೆ ಮಾತ್ರ ಓದ್ಲಿ ಅಂತ ನಾನು ಹೇಳ್ತಿದ್ದೀನಿ ಅಂದ್ಕೊಂಡ್ರೆ ಅದಕ್ಕಿಂತ ದೊಡ್ಡ ಅನ್ಯಾಯ ಇಲ್ಲ. ನಮ್ಮ ಮಕ್ಕಳಿಗೆ ನಕ್ಷತ್ರ ಬೇಕು. ಪೂರ್ತಿ ಆಕಾಶ ಬೇಕು. ಮೇಘನಾದ ಸಹಾ 1893ರಲ್ಲಿ ಢಾಕಾ ಹತ್ತಿರದ ಹಳ್ಳಿಯಲ್ಲಿ, ಕೀಳು ಅಂತ ಕರೆಸ್ಕೊಂಡ ಜಾತಿಯಲ್ಲಿ ಹುಟ್ಟಿದೋರು. ಕಲ್ಕತ್ತೆಯ ಈಡನ್ ಹಿಂದೂ ಹಾಸ್ಟೆಲ್‌ನಲ್ಲಿ ಮೇಲ್ಜಾತಿ ಹುಡುಗರು ಅವರ ಜೊತೆ ಊಟಕ್ಕೆ ಕೂರ್ತಿರ್ಲಿಲ್ಲ. ಅದೇ ಸಹಾ 1920ರಲ್ಲಿ ಬರೆದ ಸಮೀಕರಣದಿಂದ ನಕ್ಷತ್ರದ ಬೆಳಕು ನೋಡಿ ಅದರ ಬಿಸಿ ಎಷ್ಟು, ಅದರಲ್ಲಿ ಏನಿದೆ ಅಂತ ಓದೋಕೆ ಸಾಧ್ಯ ಆಯ್ತು. ಸಿಸಿಲಿಯಾ ಪೇನ್ ಅನ್ನೋ ಹೆಣ್ಣುಮಗಳು 1925ರಲ್ಲಿ ಅದನ್ನೇ ಬಳಸಿ ನಕ್ಷತ್ರಗಳಲ್ಲಿ ಬಹುಪಾಲು ಹೈಡ್ರೋಜನ್ ಇದೆ ಅಂತ ಕಂಡುಹಿಡಿದಳು. ಸಹಾ ಸಮೀಕರಣ ಪುಸ್ತಕಗಳಲ್ಲಿದೆ. ಹಾಸ್ಟೆಲ್ ಊಟದ ಸಾಲು ಇಲ್ಲ. ಅದು ಬೇಕು ಅಂದ್ರೆ ಆಭಾ ಸೂರ್ ಅವರ ‘ಡಿಸ್ಪರ್ಸ್ಡ್ ರೇಡಿಯನ್ಸ್’ ಓದ್ಬೇಕು. ನಮ್ಮ ವಿಭಾಗದಲ್ಲಿರೋ ಪುಸ್ತಕ ಅದು. ಹಾಸ್ಟೆಲ್ ಹುಡುಗನಿಗೆ ಎರಡೂ ಗೊತ್ತಾಗ್ಬೇಕು. ಸಮೀಕರಣ ಮಾತ್ರ ಗೊತ್ತಾದ್ರೆ ‘ಅದು ದೊಡ್ಡೋರ ಕೆಲಸ’ ಅಂದ್ಕೋತಾನೆ. ಊಟದ ಸಾಲೂ ಗೊತ್ತಾದ್ರೆ ‘ಓ, ಇವನು ನಮ್ಮ ಹಾಸ್ಟೆಲ್ಲೋನು’ ಅಂತಾನೆ.

ರೋಹಿತ್‌ನ ನೆನಪು ಮಾಡ್ಕೊಳ್ಳದೇ ಈ ಮಾತು ಮುಗಿಸೋಕಾಗಲ್ಲ. ರೋಹಿತ್ ವೇಮುಲ ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡ್ತಿದ್ದದ್ದು ವಿಜ್ಞಾನ, ತಂತ್ರಜ್ಞಾನ ಮತ್ತು ಸಮಾಜದ ಅಧ್ಯಯನದಲ್ಲಿ. 2016ರ ಜನವರಿ 17ರಂದು ಬರೆದಿಟ್ಟ ಕೊನೆಯ ಪತ್ರದಲ್ಲಿ ಅವನು ಹೇಳ್ಕೊಂಡ ಆಸೆ ನಿಮಗೆ ನೆನಪಿರ್ಬೇಕು: ಕಾರ್ಲ್ ಸಗಾನ್ ಥರ ವಿಜ್ಞಾನದ ಲೇಖಕ ಆಗ್ಬೇಕು ಅನ್ನೋದು. ಆ ಪತ್ರವನ್ನ ನಾವು ಬ್ಯಾನರಲ್ಲಿ ಬರೆದ್ವಿ, ಹಾಡು ಮಾಡಿದ್ವಿ, ಪ್ರತಿ ಜನವರಿ ಓದ್ತೀವಿ. ಆ ಒಂದು ಸಾಲನ್ನ ಮಾತ್ರ ದಾಟಿ ಮುಂದೆ ಹೋಗಿದ್ದೀವಿ. ನಮ್ಮ ಹುಡುಗನೊಬ್ಬ ಜನರಿಗಾಗಿ ವಿಜ್ಞಾನ ಬರೀಬೇಕು ಅಂತಿದ್ದ. ಅವನು ಬರೆದಿದ್ರೆ ಆ ಪುಸ್ತಕ ಯಾವ ವಿಭಾಗಕ್ಕೆ ಹೋಗ್ತಿತ್ತು? ‘ಸಾಮಾನ್ಯ ಓದುಗನಿಗೆ ಮುಜುಗರ’ ಅಂತ ತೆಗೆಸೋ ವಿಭಾಗಕ್ಕಲ್ವಾ?

ಅಣ್ಣಾ, ಇದೇ ನನ್ನ ಉತ್ತರ. 40 ಹಾಸ್ಟೆಲ್‌ಗೆ ಪುಸ್ತಕ ಹೋಗ್ತಿತ್ತು, ನಿಜ. ಆ ಪುಸ್ತಕಗಳ ಜೊತೆ ‘ನೀನು ಇದರಲ್ಲಿಲ್ಲ’ ಅನ್ನೋ ಚೀಟಿನೂ ಹೋಗ್ತಿತ್ತು. ಆ ಚೀಟಿ ನಾವು ಶಾಲೆಯಲ್ಲಿ ಹತ್ತು ವರ್ಷ ಓದಿದ್ದೀವಿ. ನಮ್ಮ ಕೈಯಾರೆ ಮತ್ತೆ ಹಂಚೋಕೆ ಮನಸ್ಸು ಬರ್ಲಿಲ್ಲ.

ಆದ್ರೆ ಆಗಲ್ಲ ಅಂದಮೇಲೆ ಮಾಡಿ ತೋರಿಸ್ಬೇಕಾದ ಜವಾಬ್ದಾರಿನೂ ನಮ್ಮದೇ. ಅದಕ್ಕೆ ಮೂರು ತೀರ್ಮಾನ ಮಾಡಿದ್ದೀವಿ.

ಒಂದು. ‘ಜಾತಿ ಮತ್ತು ವಿಜ್ಞಾನ’ ವಿಭಾಗ ನಿಜವಾಗಲೂ ತೆಗೀತಿದ್ದೀವಿ. ಗಾಬರಿ ಆಗ್ಬೇಡಿ. ಅದರಲ್ಲಿದ್ದ ಪುಸ್ತಕಗಳನ್ನೆಲ್ಲ ಆಯಾ ವಿಷಯದೊಳಗೇ ಸೇರಿಸ್ತಿದ್ದೀವಿ. ಐಲಯ್ಯನವರದ್ದು ರಸಾಯನಶಾಸ್ತ್ರದ ಪಕ್ಕ, ಮೃದಂಗದ್ದು ಭೌತಶಾಸ್ತ್ರದ ಪಕ್ಕ, ರೈಕ್ ಜೀವಶಾಸ್ತ್ರದಲ್ಲಿ. ಕೇರಿ ಬೇರೆ ಇರೋದು ಬೇಡ, ಊರೊಳಗೇ ಮನೆ ಮಾಡೋಣ. ಇದು ಆ ಮಾತುಕತೆಯಿಂದ ಬಂದ ಬುದ್ಧಿನೇ, ಅದಕ್ಕೆ ಅವರಿಗೆ ಥ್ಯಾಂಕ್ಸ್.

ಎರಡು. ಗುಂಡಿಯ ಅನಿಲ, ಕಲ್ಲಿನ ದೂಳು, ಕ್ರಿಮಿನಾಶಕ, ಈ ಮೂರರ ಬಗ್ಗೆ 16 ಪುಟದ ಮೂರು ಕಿರುಪುಸ್ತಕ ನಾವೇ ಬರೀತೀವಿ. ಇಲ್ಲದ ಪುಸ್ತಕವನ್ನ ಎಷ್ಟು ದಿನ ಹುಡುಕೋದು? ನಿಮ್ಮಲ್ಲಿ ಡಾಕ್ಟರು, ಕೆಮಿಸ್ಟ್ರಿ ಮೇಷ್ಟ್ರು, ಪೌರಕಾರ್ಮಿಕರ ಸಂಘದವರು ಇದ್ದಾರೆ. ಬರೆದದ್ದನ್ನ ತಿದ್ದೋಕೆ ಬನ್ನಿ. ಮೊದಲ ಕರಡನ್ನ ಆ ಪಿಯುಸಿ ಹುಡುಗನೇ ಅವರಪ್ಪನಿಗೆ ಓದಿ ಹೇಳ್ತಾನೆ, ಅವರಪ್ಪನಿಗೆ ಅರ್ಥ ಆಗದ್ದು ಅಚ್ಚಿಗೆ ಹೋಗಲ್ಲ.

ಮೂರು. 40 ಹಾಸ್ಟೆಲ್‌ಗೆ ಒಟ್ಟಿಗೆ ಆಗಲ್ಲ, ನಾಲ್ಕರಿಂದ ಶುರು ಮಾಡ್ತೀವಿ. ದುಡ್ಡು ಕಳಿಸ್ಬೇಡಿ. ನೀವು ಓದಿ ಮುಗಿಸಿದ ಒಂದು ವಿಜ್ಞಾನದ ಪುಸ್ತಕ ಕಳಿಸಿ, ಒಳಗಿನ ಪುಟದಲ್ಲಿ ನಿಮ್ಮ ಹೆಸರು, ನೀವು ಓದಿದ ಹಾಸ್ಟೆಲ್ ಹೆಸರು ಬರೀರಿ. ಯಾಕೆ ಓದ್ಬೇಕು ಅಂತ ನಿಮ್ಮ ಮಾತಲ್ಲೇ ಎರಡು ಸಾಲು ಬರೀರಿ. ವಿಳಾಸ ಇನ್‌ಬಾಕ್ಸಲ್ಲಿ ಕೇಳಿ.

ಕಾಮೆಂಟಲ್ಲಿ “ವಿಜ್ಞಾನದಲ್ಲಿ ಜಾತಿ ಯಾಕೆ ತರ್ತೀರಿ” ಅಂತ ಕೇಳೋರಿಗೆ ಮೊದಲೇ ಹೇಳ್ಬಿಡ್ತೀನಿ. ನಾವು ತಂದಿಲ್ಲ ಸ್ವಾಮಿ. ಬಂದಾಗಲೇ ಅಲ್ಲಿತ್ತು. ನಾವು ಗುಡಿಸೋಕೆ ಬಂದಿದ್ದೀವಿ, ಈ ಸಲ ಪೊರಕೆ ಬದಲು ಪುಸ್ತಕ ಹಿಡ್ಕೊಂಡು.

ಜೈ ಭೀಮ್.